ರಿಜಿಸ್ಟ್ರೇಷನ್ ದಿನ ತಪ್ಪಿದರೆ ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆಯುವುದು ನನ್ನ ಕೆಲಸ. ಕರಾರು, ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ದಿನಾ ಇದೇ. ಕರಾರು ಅಂದರೆ ಇಂಥ ದಿನದೊಳಗೆ ಮಾರುತ್ತೇವೆ, ಕೊಳ್ಳುತ್ತೇವೆ ಅಂತ ಮೊದಲು ಮಾಡಿಕೊಳ್ಳುವ ಅಗ್ರಿಮೆಂಟು; ಆಮೇಲೆ ಆಸ್ತಿಯನ್ನು ನಿಜವಾಗಿ ವರ್ಗಾಯಿಸುವುದು ಕ್ರಯಪತ್ರ. "ಸ್ವಾಮಿ, ಅಗ್ರಿಮೆಂಟ್ ಡೇಟ್ ಮುಗಿದುಹೋಯ್ತು, ಈಗೇನು ಮಾಡೋದು?" ಅಂತ ವಾರಕ್ಕೆ ಒಬ್ಬರಾದರೂ ಬಂದು ಕೂರುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ನೋಟಿಸ್, ದಾವೆ ಅನ್ನುವ ಮಟ್ಟಕ್ಕೆ ವಿಷಯ ಹೋದರೆ ಕಾಗದಪತ್ರ ಹಿಡಿದುಕೊಂಡು ಸಿವಿಲ್ ವಕೀಲರ ಹತ್ತಿರ ಹೋಗಿ.

ಕರಾರಿನಲ್ಲಿ ಬರೆದ ತಾರೀಖು ದಾಟಿತು. ಕರಾರು ಬಿದ್ದುಹೋಯಿತಾ?

ಸಾಮಾನ್ಯವಾಗಿ ಇಲ್ಲ. ಮನೆ, ಸೈಟು, ಜಮೀನಿನ ವ್ಯವಹಾರದಲ್ಲಿ ತಾರೀಖು ತಪ್ಪಿದ ಮಾತ್ರಕ್ಕೆ ಕರಾರು ಸಾಯುವುದಿಲ್ಲ. 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಚಾಂದ್ ರಾಣಿ ಕೇಸಿನಲ್ಲಿ ಇದನ್ನೇ ಹೇಳಿತು. ಸ್ಥಿರಾಸ್ತಿ ಮಾರಾಟದಲ್ಲಿ ಸಮಯವೇ ಎಲ್ಲಕ್ಕಿಂತ ಮುಖ್ಯ ಅಂತ ಮೊದಲೇ ಊಹಿಸಿಕೊಳ್ಳುವಂತಿಲ್ಲ. ಆದರೆ ಕರಾರಿನ ಮಾತುಗಳು, ಆಸ್ತಿ ಎಂಥದ್ದು, ಸುತ್ತಲಿನ ಪರಿಸ್ಥಿತಿ ಏನು ಅಂತ ನೋಡಿ ಹಾಗೆ ತೀರ್ಮಾನಿಸಬಹುದು.

ಈ "ಆದರೆ"ಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೈಟಿನ ಬೆಲೆ ವರ್ಷ ವರ್ಷ ಏರುವ ಊರುಗಳಲ್ಲಿ ಕೊಳ್ಳುವವರು ಅಡ್ವಾನ್ಸ್ ಕೊಟ್ಟು ಆರಾಮಾಗಿ ಕೂತುಬಿಟ್ಟರೆ ಮಾರುವವರ ಗತಿ ಏನು? ಇದನ್ನೂ ಸುಪ್ರೀಂ ಕೋರ್ಟು 1997ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಎತ್ತಿ ಆಡಿದೆ. ಕರಾರಿನಲ್ಲಿ ಗಡುವು ಬರೆದಿದ್ದರೆ ಅದಕ್ಕೂ ಒಂದು ಬೆಲೆ ಇದೆ, ಅದನ್ನು ಬದಿಗೆ ಸರಿಸುವಂತಿಲ್ಲ ಅಂತ.

ನಮ್ಮ ಕರಾರಿನಲ್ಲಿ "ವಾಯಿದೆಯೇ ಈ ಕರಾರಿನ ಮುಖ್ಯ ಷರತ್ತು" ಅಂತ ಬರೆದಿದೆ. ಆಗ?

ಆಗ ಹುಷಾರಾಗಿರಿ. ಅಂಥ ಕರಾರಿನಲ್ಲಿ ಒಬ್ಬರು ತಾರೀಖು ತಪ್ಪಿಸಿದರೆ ಇನ್ನೊಬ್ಬರು ಕರಾರನ್ನು ರದ್ದು ಮಾಡಬಹುದು. 1872ರ ಕರಾರು ಕಾಯ್ದೆಯ 55ನೇ ಕಲಂ ಹೇಳುವುದೇ ಇದನ್ನು. ಹಾಗಂತ ಈ ಸಾಲು ಇದ್ದ ಕೂಡಲೇ ಎಲ್ಲ ಮುಗಿಯಿತು ಅಂತಲೂ ಅಲ್ಲ. ಎಷ್ಟೋ ಕರಾರುಗಳಲ್ಲಿ ಹಳೇ ಫಾರ್ಮ್ಯಾಟಿನಿಂದ ಕಾಪಿ ಆಗಿ ಈ ಸಾಲು ಬಂದು ಕೂತಿರುತ್ತದೆ. (ನಮ್ಮ ಕಸುಬಿನವರದ್ದೇ ತಪ್ಪು, ಒಪ್ಪಿಕೊಳ್ಳುತ್ತೇನೆ.) ತಾರೀಖು ಮುಗಿದ ಮೇಲೂ ಮಾರುವವರು ಇನ್ನೊಂದು ಕಂತು ಹಣ ತೆಗೆದುಕೊಂಡಿದ್ದರೆ, ಆಮೇಲೆ "ವಾಯಿದೆ ಮುಗೀತು" ಅಂತ ಅವರು ವಾದಿಸುವುದು ಕಷ್ಟ.

ನಾನು ಕೊಳ್ಳುವವನು. ಹೇಳಿದ ದಿನ ಮಾರುವವರು ಬರಲೇ ಇಲ್ಲ. ಏನು ಮಾಡಬೇಕು?

ಅವತ್ತು ನೀವು ತಯಾರಾಗಿದ್ದಿರಿ ಅನ್ನುವುದಕ್ಕೆ ಗುರುತು ಉಳಿಸಿಕೊಳ್ಳಿ. ಮುಂದೆ ಕೇಸು ನಿಲ್ಲುವುದೋ ಬೀಳುವುದೋ ಅನ್ನುವುದು ಬಹುಪಾಲು ಇದರ ಮೇಲೇ.

ಒಬ್ಬರು ನಿವೃತ್ತ ಮೇಷ್ಟ್ರು ನನ್ನ ಟೇಬಲ್ ಪಕ್ಕದ ಬೆಂಚಿನಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆವರೆಗೆ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಿ ಜೇಬಿನಲ್ಲಿ ಡಿಡಿ, ಅದರ ಮೇಲೆ ಒಂದು ಕೈ. ಮಾರುವವರ ಫೋನು ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ಮೇಷ್ಟ್ರಿಗೆ ಕೋಪ ಬಂದಿತ್ತು, ಎದ್ದು ಹೋಗೋಣ ಅಂದರು. ಜೊತೆಗಿದ್ದ ಮಗಳು ಬಿಡಲಿಲ್ಲ. ಹತ್ತೂಮುಕ್ಕಾಲಿಗೆ ಒಂದು ವಾಟ್ಸಾಪ್ ಕಳಿಸಿದಳು: "ಅಂಕಲ್, ನಾವು ಆಫೀಸಿಗೆ ಬಂದಿದ್ದೀವಿ. ಬಾಕಿ ಹಣದ ಡಿಡಿ ತಂದಿದ್ದೀವಿ." ಜೊತೆಗೆ ಡಿಡಿಯ ಫೋಟೋ. ಹನ್ನೆರಡೂವರೆಗೆ ಮತ್ತೊಂದು, ಮೂರಕ್ಕೆ ಇನ್ನೊಂದು, ಬಾಗಿಲು ಹಾಕುವ ಹೊತ್ತಿಗೆ ಕೊನೆಯದು. ನಾಲ್ಕಕ್ಕೂ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮುಂದೆ ಕೋರ್ಟಿನಲ್ಲಿ ಎದುರು ಪಾರ್ಟಿ "ಇವರ ಹತ್ತಿರ ದುಡ್ಡೇ ಇರಲಿಲ್ಲ, ಇವರೇ ಬರಲಿಲ್ಲ" ಅಂದರು. ಆಗ ಕೆಲಸಕ್ಕೆ ಬಂದದ್ದು ಆ ನಾಲ್ಕು ಮೆಸೇಜು. ಆ ಹುಡುಗಿ ಹಳೇ ಫೋನನ್ನು ಮಾರದೆ ಡಬ್ಬದಲ್ಲಿ ಇಟ್ಟುಕೊಂಡಿದ್ದಳು. ಮೆಸೇಜನ್ನು ಸಾಕ್ಷಿಯಾಗಿ ಕೊಡುವಾಗ ಅದಕ್ಕೆ ಕಾನೂನು ಕೇಳುವ ಪ್ರಮಾಣಪತ್ರವನ್ನೂ ಲಗತ್ತಿಸಬೇಕು, ಅದನ್ನು ವಕೀಲರು ಮಾಡಿಕೊಡುತ್ತಾರೆ.

ನೀವು ಅವತ್ತೇ ಎತ್ತಿಡಬೇಕಾದ್ದು: ಡಿಡಿ ಅಥವಾ ಬ್ಯಾಂಕ್ ಬ್ಯಾಲೆನ್ಸ್ ತೋರಿಸುವ ಸ್ಟೇಟ್‌ಮೆಂಟು, ಸ್ಟಾಂಪ್ ಡ್ಯೂಟಿ ಕಟ್ಟಿದ್ದರೆ ಅದರ ರಸೀದಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದುಕೊಂಡ ಅಪಾಯಿಂಟ್‌ಮೆಂಟು, ಕ್ರಯಪತ್ರದ ಕರಡು. ಆಮೇಲೆ ಒಂದು ವಾರ, ಹೆಚ್ಚೆಂದರೆ ಎರಡು ವಾರದೊಳಗೆ ವಕೀಲರಿಂದ ನೋಟಿಸ್ ಹೋಗಲಿ. "ನಾನು ತಯಾರಿದ್ದೇನೆ, ಇಂಥ ದಿನ ಇಂಥ ಆಫೀಸಿಗೆ ಬನ್ನಿ" ಅಂತ.

ಇಂಥ ಆಫೀಸು ಅಂದದ್ದು ಸುಮ್ನೆ ಅಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಜಿಲ್ಲೆಯೊಳಗೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ನೋಂದಣಿ ಮಾಡಿಸಬಹುದು. ಅನುಕೂಲವೇ ಹೌದು. ಆದರೆ ಕೊಳ್ಳುವವರು ಒಂದು ಆಫೀಸಿನಲ್ಲಿ, ಮಾರುವವರು ಇನ್ನೊಂದರಲ್ಲಿ ಕಾದು, ಆಮೇಲೆ ಇಬ್ಬರೂ "ನಾನು ಬಂದಿದ್ದೆ" ಅನ್ನಬಹುದು. ಅದಕ್ಕೇ ನಾನು ಈಗ ಬರೆಯುವ ಕರಾರುಗಳಲ್ಲಿ ಆಫೀಸಿನ ಹೆಸರನ್ನೂ ಹಾಕುತ್ತೇನೆ.

ನನ್ನದೇ ತಪ್ಪು. ಬಾಕಿ ಹಣ ಹೊಂದಲಿಲ್ಲ. ಕೊಟ್ಟ ಅಡ್ವಾನ್ಸ್ ಹೋಯಿತಾ?

ಹೋಗಬಹುದು. ಎಷ್ಟು ಹೋಗುತ್ತದೆ ಅನ್ನುವುದೇ ಪ್ರಶ್ನೆ.

ಕೊಟ್ಟ ಹಣದಲ್ಲಿ ಎರಡು ಬಗೆ. ಮಾತಿಗೆ ಬದ್ಧ ಅಂತ ತೋರಿಸಲು ಕೊಡುವ ಖಾತ್ರಿ ಹಣ ಒಂದು. ಬೆಲೆಯ ಒಂದು ಭಾಗ ಅಂತ ಕಂತಿನಲ್ಲಿ ಕೊಡುವುದು ಇನ್ನೊಂದು. ಕೊಳ್ಳುವವರ ತಪ್ಪಿನಿಂದ ವ್ಯವಹಾರ ಮುರಿದರೆ ಖಾತ್ರಿ ಹಣ ಮುಟ್ಟುಗೋಲು ಹಾಕಿಕೊಳ್ಳಬಹುದು, ಬೆಲೆಯ ಭಾಗವನ್ನು ಹಾಗೆ ನುಂಗುವಂತಿಲ್ಲ. ಸುಪ್ರೀಂ ಕೋರ್ಟು 2012ರಲ್ಲಿ ಈ ಭೇದವನ್ನು ಬಿಡಿಸಿ ಹೇಳಿತು. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕಾಗದದಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಕಾಗದದ ಮೊತ್ತ ಅದಕ್ಕೆ ಮೇಲಿನ ಮಿತಿ.

ಹಾಗಂತ ಧೈರ್ಯವಾಗಿರಲೂ ಆಗುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು, ಬೆಂಗಳೂರಿನದೇ ಆಸ್ತಿ. 2007ರ ಕರಾರು. ಬೆಲೆ 55.5 ಲಕ್ಷ, ಮುಂಗಡ 20 ಲಕ್ಷ, ಬಾಕಿ ಕೊಡಲು ನಾಲ್ಕು ತಿಂಗಳು. ಕೊಳ್ಳುವವರು ಬಾಕಿ ಕೊಡಲಿಲ್ಲ. ಮುಂಗಡ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಅಂತ ಕೋರ್ಟು ಹೇಳಿತು. ಇಪ್ಪತ್ತು ಲಕ್ಷ ಹೋಯಿತು. ಅದರಲ್ಲಿ ಇನ್ನೊಂದು ಪಾಠವೂ ಇದೆ. ದಾವೆಯಲ್ಲಿ "ಕ್ರಯಪತ್ರ ಮಾಡಿಸಿಕೊಡಿ, ಅದಾಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡಿಸಿ" ಅಂತ ಎರಡನ್ನೂ ಕೇಳಬೇಕು. ಕೇಳದೇ ಇದ್ದದ್ದನ್ನು ಕೋರ್ಟು ತಾನಾಗಿ ಕೊಡಿಸುವುದಿಲ್ಲ. ಮಧ್ಯದಲ್ಲಿ ತಿದ್ದುಪಡಿ ಮಾಡಿ ಸೇರಿಸಲು ಅವಕಾಶ ಇದೆ, ಆದರೆ ಅದಕ್ಕೂ ಅರ್ಜಿ ಹಾಕಲೇಬೇಕು.

ಬ್ಯಾಂಕ್ ಲೋನ್ ತಡವಾಯಿತು. ಅದು ನನ್ನ ತಪ್ಪಾ?

ಕಾನೂನಿನ ಕಣ್ಣಲ್ಲಿ ಹೆಚ್ಚುಕಮ್ಮಿ ನಿಮ್ಮದೇ. ಹಣ ಎಲ್ಲಿಂದ ತರುತ್ತೀರಿ ಅನ್ನುವುದು ಮಾರುವವರ ತಲೆನೋವಲ್ಲ. ಕರಾರಿನಲ್ಲಿ "ಲೋನ್ ಸಿಗದಿದ್ದರೆ ಅಡ್ವಾನ್ಸ್ ವಾಪಸ್" ಅಂತ ಬರೆಸಿಕೊಂಡಿದ್ದರೆ ಬೇರೆ ಮಾತು. ಮಾರುವವರು ಮೂಲ ಪತ್ರ ಕೊಡದೆ ಸತಾಯಿಸಿದ್ದರಿಂದಲೇ ಲೋನ್ ನಿಂತಿದ್ದರೆ ತಪ್ಪು ಅವರ ಕಡೆ ವಾಲುತ್ತದೆ. ಆದರೆ ಪತ್ರ ಕೇಳಿದ್ದಕ್ಕೆ ಮೆಸೇಜೋ ಇಮೇಲೋ ಇರಬೇಕು. ಫೋನಿನಲ್ಲಿ ಹತ್ತು ಸಲ ಕೇಳಿದ್ದೆ ಅಂದರೆ ಯಾರು ನಂಬುತ್ತಾರೆ?

ಇ-ಖಾತಾ ಬಂದಿಲ್ಲ, ಸರ್ವರ್ ಡೌನ್. ತಾರೀಖು ತಪ್ಪಿದ್ದಕ್ಕೆ ಯಾರು ಹೊಣೆ?

ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ಪಾಲಿಕೆ ಕೊಡುವ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಇಲ್ಲ ಅಂತಾದಾಗ ನೂರಾರು ಜನ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದರು. 2025ರ ಶುರುವಿನಲ್ಲಿ ಕಾವೇರಿ ತಂತ್ರಾಂಶದ ಮೇಲೆ ಸೈಬರ್ ದಾಳಿ ಆಗಿ ದಿನಗಟ್ಟಲೆ ನೋಂದಣಿ ಕುಂಟಿತು.

ಖಾತಾ ಮಾಡಿಸಿಕೊಡಬೇಕಾದ್ದು ಸಾಮಾನ್ಯವಾಗಿ ಮಾರುವವರು. ಅವರ ಕೆಲಸ ಬಾಕಿ ಇರುವಾಗ ಕೊಳ್ಳುವವರಿಗೆ "ನೀವು ಬರಲಿಲ್ಲ" ಅನ್ನುವಂತಿಲ್ಲ. ಸರ್ವರ್ ಬಿದ್ದರೆ ಇಬ್ಬರ ತಪ್ಪೂ ಅಲ್ಲ. ಕರಾರು ಉಳಿಯುತ್ತದೆ, ಕೆಲಸ ನಾಲ್ಕು ದಿನ ತಡ ಆಗುತ್ತದೆ ಅಷ್ಟೆ. ಪರದೆಯ ಮೇಲೆ ಬಂದ ಎರರ್ ಫೋಟೋ ತೆಗೆದಿಡಿ, ಹೊಸ ತಾರೀಖು ಬರೆದುಕೊಳ್ಳಿ.

ಆಷಾಢ ಬಂತು, ಶ್ರಾವಣದಲ್ಲಿ ಮಾಡಿಸೋಣ ಅನ್ನುತ್ತಿದ್ದಾರೆ. ಒಪ್ಪಬಹುದಾ?

ಧಾರಾಳವಾಗಿ ಒಪ್ಪಿ, ಆದರೆ ಬರವಣಿಗೆಯಲ್ಲಿ. ಆಷಾಢ, ಪಿತೃಪಕ್ಷ, ರಾಹುಕಾಲ ಯಾವುದೂ ಕರಾರು ಕಾಯ್ದೆಯಲ್ಲಿ ಇಲ್ಲ. ಇಬ್ಬರೂ ಒಪ್ಪಿ ಮುಂದೂಡಿದರೆ ಸರಿ. ಒಬ್ಬರೇ ಮನಸ್ಸಿನಲ್ಲಿ ಅಂದುಕೊಂಡು ಮನೆಯಲ್ಲಿ ಕೂತರೆ ಅದು ತಪ್ಪಿಸಿದ ಹಾಗೇ. ಕರಾರು ಮಾಡುವಾಗಲೇ ಪಂಚಾಂಗ ನೋಡಿ ಅನ್ನುತ್ತೇನೆ ನಾನು. ಯಾರೂ ನೋಡುವುದಿಲ್ಲ, ಆಮೇಲೆ ಓಡಿ ಬರುತ್ತಾರೆ.

ತಾರೀಖು ಮುಂದೂಡುವುದು ಹೇಗೆ?

ಮೂಲ ಕರಾರಿನ ಹಿಂಬದಿಯಲ್ಲಿ ಷರಾ ಬರೆದು, ಎರಡೂ ಕಡೆಯವರು ಸಾಕ್ಷಿಗಳ ಮುಂದೆ ಸಹಿ ಹಾಕಬಹುದು. ಕರಾರು ರಿಜಿಸ್ಟರ್ ಆಗಿದ್ದರೆ ಪ್ರತ್ಯೇಕ ಪೂರಕ ಕರಾರು ಮಾಡಿಸುವುದೇ ಒಳ್ಳೆಯದು. ಹೊಸ ತಾರೀಖು, ಇಲ್ಲಿಯವರೆಗೆ ಸಂದಾಯವಾದ ಹಣ, "ಉಳಿದ ಷರತ್ತುಗಳು ಹಾಗೇ ಇವೆ" ಅನ್ನುವ ಸಾಲು, ಇಷ್ಟು ಇರಲಿ. ಮಾಲೀಕರು ಮೂವರಿದ್ದರೆ ಮೂವರ ಸಹಿಯೂ ಬೇಕು. ಅಣ್ಣ ಹಾಕಿದ, ತಮ್ಮ ಊರಲ್ಲಿಲ್ಲ ಅನ್ನುವ ಷರಾದಿಂದ ಆಮೇಲೆ ಜಗಳ ಗ್ಯಾರಂಟಿ.

ಕೋರ್ಟಿಗೆ ಹೋಗಲು ಎಷ್ಟು ಕಾಲ ಇದೆ?

ಮೂರು ವರ್ಷ. ಕರಾರಿನಲ್ಲಿ ತಾರೀಖು ಇದ್ದರೆ ಆ ತಾರೀಖಿನಿಂದ. ಇಲ್ಲದಿದ್ದರೆ, ಮಾರುವವರು ಮಾಡಿಕೊಡುವುದಿಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. 1963ರ ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದ ಇದು. ಸರಿಯಾಗಿ ಮುಂದೂಡಿಕೊಂಡಿದ್ದರೆ ಹೊಸ ತಾರೀಖಿನಿಂದ ಲೆಕ್ಕ.

ಮೂರು ವರ್ಷ ಇದೆ ಅಂತ ಎರಡು ವರ್ಷ ಹನ್ನೊಂದು ತಿಂಗಳು ಸುಮ್ಮನಿದ್ದು ಹೋದರೂ ಕೋರ್ಟಿನವರು ದಾವೆ ತೆಗೆದುಕೊಳ್ಳುತ್ತಾರೆ, ಆದರೆ "ಇಷ್ಟು ದಿನ ಎಲ್ಲಿದ್ದಿರಿ?" ಅನ್ನುವ ಪ್ರಶ್ನೆಗೆ ಉತ್ತರ ನೀವೇ ಹೊಂದಿಸಿಕೊಳ್ಳಬೇಕು. ತಾರೀಖು ತಪ್ಪಿಸಿಕೊಂಡು ಕೇಸು ಸೋತವರಿಗಿಂತ ಆಮೇಲೆ ಬಾಯಿ ಮುಚ್ಚಿಕೊಂಡಿದ್ದು ಸೋತವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಮಾರುವವರಿಂದ ಕೋರ್ಟು ಬಲವಂತವಾಗಿ ಕ್ರಯಪತ್ರ ಮಾಡಿಸುತ್ತದಾ?

ಮಾಡಿಸುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕೆಳಗೆ ದಾವೆ ಹಾಕಬೇಕು. ಹಿಂದೆ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ ಆಗಿತ್ತು. 2018ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಆ ವಿವೇಚನೆ ಬಹಳ ಕಡಿಮೆ ಆಯಿತು. ಆದರೆ 16ನೇ ಕಲಮಿನ ಷರತ್ತು ಹಾಗೇ ಇದೆ. ಕರಾರಿನ ದಿನದಿಂದ ಕೊನೆವರೆಗೂ ನಾನು ತಯಾರಿದ್ದೆ, ಮನಸ್ಸೂ ಇತ್ತು ಅಂತ ಕೊಳ್ಳುವವರು ತೋರಿಸಬೇಕು. ಮನಸ್ಸಿದ್ದು ಹಣ ಇಲ್ಲದಿದ್ದರೂ ಆಗದು, ಹಣ ಇದ್ದು ಮನಸ್ಸಿಲ್ಲದಿದ್ದರೂ ಆಗದು. ಮೇಷ್ಟ್ರ ಡಿಡಿ ನೆನಪಿಸಿಕೊಳ್ಳಿ.

ತೀರ್ಪು ಬಂದ ಮೇಲೂ ಮಾರುವವರು ಸಹಿ ಹಾಕದಿದ್ದರೆ ಕೋರ್ಟೇ ಅವರ ಪರವಾಗಿ ಕ್ರಯಪತ್ರ ಮಾಡಿಸಿಕೊಡುತ್ತದೆ.

ಕೋರ್ಟ್ ಫೀಸಿನ ಲೆಕ್ಕ ಕೇಳಿ ಅನೇಕರು ಅಲ್ಲೇ ತಣ್ಣಗಾಗುತ್ತಾರೆ. ನಮ್ಮ ರಾಜ್ಯದ 1958ರ ಕಾಯ್ದೆ ಪ್ರಕಾರ ಫೀಸು ನೀವು ಕೊಟ್ಟ ಅಡ್ವಾನ್ಸಿನ ಮೇಲಲ್ಲ, ಆಸ್ತಿಯ ಪೂರ್ತಿ ಕ್ರಯದ ಮೊತ್ತದ ಮೇಲೆ. ನಿರ್ದಿಷ್ಟ ಪರಿಹಾರ ಕಾಯ್ದೆ ಒಂದು ವರ್ಷದಲ್ಲಿ, ಹೆಚ್ಚೆಂದರೆ ಇನ್ನಾರು ತಿಂಗಳಲ್ಲಿ ಕೇಸು ಮುಗಿಯಬೇಕು ಅನ್ನುತ್ತದೆ. ನಮ್ಮ ಕೋರ್ಟುಗಳ ವರಾಂಡದಲ್ಲಿ ಕೂತವರಿಗೆ ವಾಸ್ತವ ಗೊತ್ತು.

ಅಷ್ಟರಲ್ಲಿ ಅವರು ಬೇರೆಯವರಿಗೆ ಮಾರಿಬಿಟ್ಟರೆ?

ಮೊದಲು ತಿಳಿಯಬೇಕಾದ್ದು: ಕರಾರಿನಿಂದ ಮನೆ ನಿಮ್ಮದಾಗುವುದಿಲ್ಲ. ಮನೆ ಕೊಡಿ ಅಂತ ಕೇಳುವ ಹಕ್ಕು ಬರುತ್ತದೆ ಅಷ್ಟೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹೀಗೆ ಹೇಳುತ್ತದೆ. ನಿಮ್ಮ ಕರಾರಿನ ಸುಳಿವೇ ಇಲ್ಲದೆ, ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಅದಕ್ಕೇ ಕರಾರನ್ನು ರಿಜಿಸ್ಟರ್ ಮಾಡಿಸಿ ಅಂತ ಹೊಡೆದುಕೊಳ್ಳುವುದು. ಆಗ ಅದು ಇಸಿಯಲ್ಲಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ಕಾಣುತ್ತದೆ, "ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ರಿಜಿಸ್ಟರ್ ಆಗದ ಕರಾರಿನ ಮೇಲೂ ದಾವೆ ಹಾಕಬಹುದು, ಆದರೆ ಈ ಕಾವಲು ಇರುವುದಿಲ್ಲ. ಗುಮಾನಿ ಬಂದ ಕೂಡಲೇ ದಾವೆ ಹಾಕಿ ತಡೆಯಾಜ್ಞೆ ಕೇಳಿ. ಕೇಸು ನಡೆಯುವಾಗ ಕೊಂಡವರೂ ಅದರ ತೀರ್ಪಿಗೆ ತಲೆಬಾಗಬೇಕು.

ಇನ್ನೊಂದು, ಕಡಿಮೆ ಜನಕ್ಕೆ ಗೊತ್ತಿರುವುದು. ತಪ್ಪು ನಿಮ್ಮದಲ್ಲದಿದ್ದರೆ ನೀವು ಕೊಟ್ಟ ಹಣಕ್ಕೆ ಆ ಆಸ್ತಿಯೇ ಆಧಾರ. ಅದೇ ಕಾಯ್ದೆಯ 55ನೇ ಕಲಮಿನಲ್ಲಿ ಇದಿದೆ.

ನಾನು ಮಾರುವವಳು. ಕೊಳ್ಳುವವರು ನಾಪತ್ತೆ. ಬೇರೆಯವರಿಗೆ ಮಾರಬಹುದಾ?

ನೇರವಾಗಿ ಮಾರಬೇಡಿ ಅಮ್ಮಾ. ಮೊದಲು ನೋಟಿಸ್ ಕೊಡಿ, ನ್ಯಾಯವಾದಷ್ಟು ಸಮಯ ಕೊಡಿ, ಹದಿನೈದು ದಿನವೋ ಒಂದು ತಿಂಗಳೋ. ಅವತ್ತು ಮೂಲ ಪತ್ರಗಳೊಂದಿಗೆ ಆಫೀಸಿಗೆ ಹೋಗಿ ಕೂತುಕೊಳ್ಳಿ. ಅವರು ಬರದಿದ್ದರೆ ಕರಾರು ರದ್ದು ಅಂತ ಎರಡನೇ ನೋಟಿಸ್. ಕರಾರು ರಿಜಿಸ್ಟರ್ ಆಗಿದ್ದರೆ ನೋಟಿಸಿನಿಂದ ಅದು ಇಸಿಯಿಂದ ಅಳಿಸಿಹೋಗುವುದಿಲ್ಲ. ಇಬ್ಬರೂ ಬಂದು ರದ್ದತಿ ಪತ್ರ ಮಾಡಬೇಕು, ಇಲ್ಲವೇ ಕೋರ್ಟು. ಅಡ್ವಾನ್ಸ್ ಮುಟ್ಟುಗೋಲು ಹಾಕಿಕೊಂಡರೆ ಆ ಹಣ ನಿಮ್ಮ ಆದಾಯ. 2014ರ ಏಪ್ರಿಲ್ 1ರ ನಂತರದ ಇಂಥ ಹಣಕ್ಕೆ ತೆರಿಗೆ ಇದೆ. ವಾಪಸ್ ಕೊಡುವುದಾದರೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ನಗದಿನಲ್ಲಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಕೊಡಿ. ನಗದಿನಲ್ಲಿ ಕೊಟ್ಟರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ದಾರಿಗೆ ಬರುತ್ತಾರಲ್ವಾ?

"ಇದು ಸಿವಿಲ್ ಮ್ಯಾಟರ್ ಕಣ್ರೀ" ಅಂತ ಕಳಿಸುತ್ತಾರೆ, ಅದು ಬಹಳ ಸಲ ಸರಿಯೇ. ಮಾತು ತಪ್ಪಿದ್ದೆಲ್ಲ ವಂಚನೆ ಅಲ್ಲ. ಕರಾರು ಮಾಡುವಾಗಲೇ ಮೋಸದ ಉದ್ದೇಶ ಇತ್ತು, ಒಂದೇ ಸೈಟಿಗೆ ಮೂವರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿದ್ದರು, ನಕಲಿ ಪತ್ರ ತೋರಿಸಿದ್ದರು ಅಂದರೆ ಮಾತ್ರ ಅದು ಪೊಲೀಸರ ಕೆಲಸ. ಅಡ್ವಾನ್ಸ್ ವಾಪಸ್ ಅಂತ ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಬೇರೆ ದಾರಿ. ಬ್ಯಾಂಕಿನ ಮೆಮೋ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಅದಾದ ಮೇಲೆ ಒಂದು ತಿಂಗಳೊಳಗೆ ಕೇಸು.

ಕರಾರು ಆದ ಮೇಲೆ ಮಾಲೀಕರು ತೀರಿಕೊಂಡರು.

ಕರಾರು ವಾರಸುದಾರರಿಗೂ ಅಂಟುತ್ತದೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ಖಾತಾ ಬದಲಾವಣೆ ಅಂತ ತಿಂಗಳುಗಳು ಹಿಡಿಯುತ್ತವೆ. ಎಲ್ಲ ವಾರಸುದಾರರಿಗೂ ಪತ್ರ ಕಳಿಸಿ ನೀವು ಇನ್ನೂ ತಯಾರಿದ್ದೀರಿ ಅಂತ ತಿಳಿಸಿ. ಸೂತಕ ಕಳೆದ ಮೇಲೆ ಕಳಿಸಿ. ಕಾನೂನಿನಲ್ಲಿ ಇಲ್ಲದಿದ್ದರೂ ಅಷ್ಟು ಮರ್ಯಾದೆ ಇರಲಿ.

ಬಿಲ್ಡರ್ ಫ್ಲ್ಯಾಟ್ ಕೊಡುವ ದಿನ ತಪ್ಪಿಸಿದರೆ?

ಅಲ್ಲಿ 2016ರ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ) ಇದೆ, ಕೊಳ್ಳುವವರ ಕೈ ಗಟ್ಟಿ. 18ನೇ ಕಲಂ ಪ್ರಕಾರ ವ್ಯವಹಾರದಿಂದ ಹೊರಬಂದು ಹಣವನ್ನು ಬಡ್ಡಿ ಸಮೇತ ಕೇಳಬಹುದು. ಇಲ್ಲವೇ ಫ್ಲ್ಯಾಟೇ ಬೇಕು ಅಂತ ಉಳಿದುಕೊಂಡು, ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ದೂರು ಕರ್ನಾಟಕ ರೇರಾಗೆ. ಹಾಗೆಯೇ ಕರಾರು ರಿಜಿಸ್ಟರ್ ಆಗುವ ಮುಂಚೆ ಬಿಲ್ಡರ್ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ಕ್ರಯಪತ್ರಕ್ಕೆ ಸಹಿ ಆಗಿದೆ, ಆದರೆ ಆಫೀಸಿಗೆ ಹಾಜರುಪಡಿಸಿಲ್ಲ.

ಸಹಿ ಆದ ದಿನದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ತಡೆಯಲಾಗದ ಕಾರಣ ಇದ್ದರೆ ಇನ್ನು ನಾಲ್ಕು ತಿಂಗಳು, ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ದಂಡ. ಅದೂ ದಾಟಿದರೆ ಹೊಸ ಪತ್ರವೇ ಬರೆಯಬೇಕು.

ತಡವಾದರೆ ಖರ್ಚೂ ಏರುತ್ತದಾ?

ಏರಬಹುದು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟಿನಿಂದ 2 ಪರ್ಸೆಂಟ್ ಆಯಿತು. 80 ಲಕ್ಷದ ಮನೆಗೆ 80,000 ಇದ್ದದ್ದು 1,60,000. ಆ ವಾರ ನಮ್ಮ ಆಫೀಸಿನ ಮುಂದೆ ಜಾತ್ರೆ. ತಾರೀಖು ತಪ್ಪಿಸಿದ್ದು ಮಾರುವವರಾದರೆ ಈ ಹೆಚ್ಚುವರಿ ಹಣವನ್ನು ನಷ್ಟ ಅಂತ ಕೇಳಬಹುದು. ಹೇಗೂ ಕರಾರಿನಲ್ಲೇ "ತಡ ಮಾಡಿದವರು ಹೆಚ್ಚಿನ ಶುಲ್ಕ ಭರಿಸಬೇಕು" ಅಂತ ಒಂದು ಸಾಲು ಹಾಕಿಸಿ.

ಮಾಲೀಕರು ಅಮೆರಿಕದಲ್ಲಿದ್ದಾರೆ, ಅವತ್ತಿಗೆ ಬರಲಾಗುವುದಿಲ್ಲ ಅಂತಾರೆ.

ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಇಲ್ಲಿರುವ ನಂಬಿಕಸ್ಥರಿಗೆ ಕಳಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ವಿಮಾನದ ಟಿಕೆಟ್ ಸಿಗಲಿಲ್ಲ ಅನ್ನುವುದು ಕಾರಣ ಆಗುವುದಿಲ್ಲ.

ಮಾರುವ ಅಜ್ಜಿ ಕಾಲು ಮುರಿದುಕೊಂಡು ಮಲಗಿದ್ದಾರೆ. ನಾಳೆಯೇ ತಾರೀಖು.

ಮುಂದೂಡುವ ಮುಂಚೆ ಇದನ್ನು ಕೇಳಿ ನೋಡಿ. 1908ರ ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ ವಿಶೇಷ ಕಾರಣ ಇದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಬಹುದು. ಡಾಕ್ಟರ್ ಸರ್ಟಿಫಿಕೇಟ್ ಜೊತೆ ಅರ್ಜಿ, ಅದಕ್ಕೊಂದು ಶುಲ್ಕ. ಒಮ್ಮೆ ಹೀಗೇ ಹೋಗಿದ್ದೆವು. ಹೆಬ್ಬೆಟ್ಟಿನ ಯಂತ್ರವನ್ನು ಹಾಸಿಗೆ ಮೇಲೆ ಇಟ್ಟು, ತಂತಿಯನ್ನು ಕಿಟಕಿ ಪಕ್ಕದ ಪ್ಲಗ್ಗಿಗೆ ಎಳೆದರು. ಅಜ್ಜಿಯ ಬೆರಳು ಸವೆದುಹೋಗಿ ಗುರುತೇ ಮೂಡಲಿಲ್ಲ. ಸೊಸೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದಳು. ಐದನೇ ಸಲಕ್ಕೆ ಮೂಡಿತು. ಅಜ್ಜಿ ಎಲ್ಲರಿಗೂ ಕಾಫಿ ಮಾಡು ಅಂದರು.